ದೋಣಿಯ ಎಂಜಿನ್ ಎಳೆಯದಿದ್ದಾಗ

2025 ನವೆಂಬರ್ 16, ಭಾನುವಾರ
ತುಮರಿ ಸಮೀಪ, ಶರಾವತಿ ಹಿನ್ನೀರು

ಮಳೆಗಾಲ ಮುಗಿಸಿ ನೀರಿಗಿಳಿಸಿದಾಗಿನಿಂದ ನಮ್ಮ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸಿದ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಸರಿಯಾಗಿ ಎಳೆಯುತ್ತಿರಲಿಲ್ಲ. ಅದರ ಕಾರಣ ಇಂದು ಸಿಕ್ಕಿತು. ದಡದಲ್ಲಿ ಸಲೀಸಾಗಿ ಸ್ಟಾರ್ಟ್ ಆಗಿ ನಿಧಾನ ವೇಗದಲ್ಲಿ ಹದವಾಗಿ ಓಡುವ ಎಂಜಿನ್, ನಡುನೀರಿನಲ್ಲಿ ಥ್ರಾಟಲ್ ಪೂರ್ತಿ ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ ಸದ್ದು ಕುಗ್ಗಿಸಿ ಅರ್ಧ ವೇಗಕ್ಕೆ ಇಳಿಯುತ್ತಿತ್ತು. ಥ್ರಾಟಲ್ ಇಳಿಸಿ ಒಂದು ನಿಮಿಷ ಬಿಟ್ಟರೆ ತಾನಾಗಿಯೇ ಚೇತರಿಸಿಕೊಳ್ಳುತ್ತಿತ್ತು.

ಕಳೆದ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿದೆಯಾದರೂ, ಎದುರು ದಡದಲ್ಲಿ ಜಮೀನಿರುವ ನಮ್ಮಂಥವರಿಗೆ ಇಂದಿಗೂ ದೋಣಿಯೇ ಹತ್ತಿರದ ದಾರಿ. ಲಿಂಗನಮಕ್ಕಿ ಅಣೆಕಟ್ಟಿನಿಂದ 1964ರಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ನೀರಿನಡಿಯಲ್ಲಿ ನಿಂತಿವೆ. ಗಾಳಿ ಎದ್ದಾಗ ಎಂಜಿನ್ ಸೋತರೆ ದೋಣಿ ಅವುಗಳ ಮೇಲೆ ಹೋಗಿ ಕೂರುತ್ತದೆ. ಹೀಗಾಗಿ ಇದನ್ನು ಹೇಗೋ ನಡೆಯುತ್ತದೆಂದು ಬಿಡುವಂತಿರಲಿಲ್ಲ.

ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಲೇಬೇಕು ಎಂದು ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ರಿಂಗ್ ಸವೆದಿದ್ದರೆ ಸ್ಟಾರ್ಟ್ ಮಾಡುವಾಗಲೇ ತೊಂದರೆ ಕಾಣಬೇಕು. ಅದು ಒಂದು ನಿಮಿಷದ ವಿಶ್ರಾಂತಿಯಿಂದ ವಾಸಿಯಾಗುವ ಕಾಯಿಲೆಯೂ ಅಲ್ಲ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ನೋಡಿದರೆ ಎರಡರ ತುದಿಯೂ ಒಂದೇ ತೆರನಾದ ಕಂದು ಬಣ್ಣಕ್ಕಿದ್ದವು, ಅಂದರೆ ಉರಿ ಸರಿಯಾಗಿಯೇ ಇತ್ತು. ಗೇಜ್ ಹಾಕಿ ನೋಡಿದಾಗ ಎರಡು ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗೆ ಹುಟ್ಟುವ ಒತ್ತಡ, ಹೆಚ್ಚುಕಡಿಮೆ ಸಮನಾಗಿಯೇ ಇತ್ತು. ಎರಡರ ನಡುವೆ ಶೇ. 10ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಮಾತ್ರ ಒಳಗೆ ಕೈಹಾಕುವ ಮಾತು. ಪ್ರೊಪೆಲ್ಲರಿಗೆ ಬಲೆಯಾಗಲಿ ಹಗ್ಗವಾಗಲಿ ಸುತ್ತಿರಲಿಲ್ಲ. ಅದರ ನಡುವಿನ ರಬ್ಬರ್ ಬುಷ್ ಜಾರುತ್ತಿದ್ದರೆ ದೋಣಿ ಮುಂದೆ ಹೋಗದೆ ಎಂಜಿನ್ ಮಾತ್ರ ಕಿರುಚಬೇಕಿತ್ತು, ನಮ್ಮದರಲ್ಲಿ ಎಂಜಿನ್ನಿನ ಸದ್ದೇ ಅಡಗುತ್ತಿತ್ತು. ತಂಪಿನ ನೀರು ಕೂಡ ಎಡೆಬಿಡದೆ ಹೊರಗೆ ಚಿಮ್ಮುತ್ತಿತ್ತು.

ಉಳಿದದ್ದು ಪೆಟ್ರೋಲಿನ ದಾರಿ. ನಿಧಾನ ವೇಗದಲ್ಲಿ ಎಂಜಿನ್ ಕುಡಿಯುವುದು ಸ್ವಲ್ಪವೇ ಆದ್ದರಿಂದ, ದಾರಿ ಮುಕ್ಕಾಲು ಪಾಲು ಕಟ್ಟಿಕೊಂಡಿದ್ದರೂ ಅದಕ್ಕೆ ಸಾಕಾಗುತ್ತದೆ. ಪೂರ್ತಿ ವೇಗದಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಬಟ್ಟಲು ತುಂಬುವುದಕ್ಕಿಂತ ಬೇಗ ಬರಿದಾಗುತ್ತದೆ, ಥ್ರಾಟಲ್ ಇಳಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ಪೂರ್ತಿ ಸಡಿಲಿಸಿ ಓಡಿಸಿದೆವು, ಬದಲಾವಣೆಯಾಗಲಿಲ್ಲ. ಬಳಿಕ ಅಣ್ಣ ಚುಕ್ಕಾಣಿ ಹಿಡಿದ, ನಾನು ಪೈಪಿನ ನಡುವೆ ಇರುವ, ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬಿನ ಮೇಲೆ ಕೈಯಿಟ್ಟು ಕುಳಿತೆ. ಸದ್ದು ಕುಗ್ಗುತ್ತಿದ್ದಂತೆ ಅಣ್ಣ "ಈಗ ಒತ್ತು ಮಾರಾಯ" ಎಂದು ಕೂಗಿದ. ಬಲ್ಬ್ ಅಷ್ಟರಲ್ಲಾಗಲೇ ಒಳಕ್ಕೆ ಸೊರಗಿ ಚಪ್ಪಟೆಯಾಗಿತ್ತು. ನಾಲ್ಕಾರು ಸಲ ಒತ್ತಿದ ಕೂಡಲೇ ಎಂಜಿನ್ ಮತ್ತೆ ಎಳೆಯತೊಡಗಿತು. ಎಂಜಿನ್ನಿನ ಪೆಟ್ರೋಲ್ ಪಂಪು ಹೀರುತ್ತಿದೆ, ಹೀರಿದರೂ ಬರುತ್ತಿಲ್ಲ. ಅಂದರೆ ಅಡಚಣೆ ಇರುವುದು ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆಗೆ ಎಂಬುದು ಇದರಿಂದ ಖಚಿತವಾಯಿತು.

ಆ ತುಂಡು ಪೈಪನ್ನು ಬಿಚ್ಚಿ ಬಾಯಿಂದ ಊದಿದರೆ ಗಾಳಿ ಸರಾಗವಾಗಿ ಹೋಯಿತು. ಇಲ್ಲಿಯೇ ಬಹಳ ಮಂದಿ ಪೈಪು ಸರಿಯಿದೆ ಎಂದು ಮುಂದೆ ಹೋಗುವುದು. ಉದ್ದಕ್ಕೆ ಸೀಳಿ ನೋಡಿದಾಗ ಒಳಪದರ ರಬ್ಬರಿನಿಂದ ಬಿಟ್ಟುಕೊಂಡು ಹಾವಿನ ಪೊರೆಯಂತೆ ಸುಕ್ಕಾಗಿ ನಿಂತಿತ್ತು. ಊದಿದಾಗ ಅದು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತದೆ, ಹೀರಿದಾಗ ಒಳಕ್ಕೆ ಕುಸಿದು ದಾರಿ ಮುಚ್ಚುತ್ತದೆ. ಹೊರಗಿನಿಂದ ಒಂದು ಬಿರುಕೂ ಇರಲಿಲ್ಲ.

ಇದಕ್ಕೆ ಮೂಲ ಇಂದಿನ ಪೆಟ್ರೋಲ್ ಎಂಬುದು ನನ್ನ ಅಭಿಪ್ರಾಯ. 2022ರಲ್ಲಿ ಶೇ. 10ಕ್ಕೆ ಮುಟ್ಟಿದ್ದ ಎಥನಾಲ್ ಮಿಶ್ರಣ ಈಗ ಶೇ. 20 ಆಗಿದೆ, ಹಳೆಯ ರಬ್ಬರ್ ಪೈಪುಗಳು ಅದನ್ನು ತಾಳಿಕೊಳ್ಳುವುದಿಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ. ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಪೆಟ್ರೋಲ್ ಹಿಡಿದು ಅಲುಗಾಡಿಸದೆ ಇಟ್ಟಾಗ, ಬುಡದಲ್ಲಿ ಎರಡು ಬೆರಳಿನಷ್ಟು ಬೇರೆ ಪದರ ಗೆರೆ ಎಳೆದಂತೆ ಕಂಡಿತು. ನೀರೂ ಎಥನಾಲೂ ಕೂಡಿ ಕೆಳಗಿಳಿದ ದ್ರವ ಅದು. ಟೂ ಸ್ಟ್ರೋಕ್ ಎಂಜಿನ್ನಿಗೆ ನಾವು ಬೆರೆಸುವ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿದುಬಿಡುತ್ತದೆ. ತಳದ ದ್ರವ ಒಳಗೆ ಹೋದರೆ ಪಿಸ್ಟನ್ ಜಿಡ್ಡಿಲ್ಲದೆ ಓಡಿ ಜಾಮ್ ಆಗುವ ಅಪಾಯವಿದೆ. ಶಕ್ತಿ ಕುಗ್ಗಿದ್ದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ.

ಹಳೆಯ ಪೆಟ್ರೋಲನ್ನು ಡಬ್ಬಕ್ಕೆ ತೆಗೆದು ಬೇರೆ ಇಟ್ಟಿದ್ದೇನೆ. ಕುಡಿಯುವ ನೀರಿನ ಹೊಳೆಗೆ ಅದನ್ನು ಚೆಲ್ಲುವ ಪ್ರಶ್ನೆಯೇ ಇಲ್ಲ. ಟ್ಯಾಂಕ್ ತೊಳೆದು ಒಣಗಿಸಿ, ಎಥನಾಲ್ ತಾಳುವ ಹೊಸ ಪೈಪು ಮತ್ತು ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಎದುರು ದಡದವರೆಗೆ ಪೂರ್ತಿ ಥ್ರಾಟಲಿನಲ್ಲಿ ಹೋಗಿ ಬಂದೆವು. ಬಲ್ಬ್ ಮುಟ್ಟುವ ಅಗತ್ಯವೇ ಬರಲಿಲ್ಲ. ಪಂಪಿನೊಳಗಿನ ತೆಳು ಪೊರೆಯೂ ಅದೇ ಕಾಲದ ರಬ್ಬರಾದ್ದರಿಂದ, ಹೊನ್ನಾವರದ ಕಡೆ ಹೋದಾಗ ಮೀನುಗಾರಿಕೆ ದೋಣಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಹೊಸದನ್ನು ತಂದು ಹಾಕಬೇಕು.