ಬಫರ್ ಹೆಚ್ಚಿಸೋ ಮುಂಚೆ ಆ 'ಟಕ್' ಎಷ್ಟು ಹೊತ್ತಿಗೊಮ್ಮೆ ಬರುತ್ತೆ ನೋಡಿ

ಹಳೇ ವಿಡಿಯೋ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸೋ ಎಮ್ಯುಲೇಟರ್‌ನಲ್ಲಿ ಸದ್ದು 'ಟಕ್' ಅಂತ ಕಡಿದುಹೋದರೆ ಎಲ್ಲರೂ ಹೇಳೋದು ಒಂದೇ ಮಾತು: ಬಫರ್ (ನುಡಿಸೋ ಮುಂಚೆ ಸದ್ದನ್ನು ಕೂಡಿಟ್ಟುಕೊಳ್ಳೋ ಜಾಗ) ಜಾಸ್ತಿ ಮಾಡು. ನಾನೂ ಮಾಡಿದೆ. 64 ಮಿಲಿಸೆಕೆಂಡ್ ಇದ್ದದ್ದು 128 ಆಯಿತು, ಆಮೇಲೆ 200. ಅಷ್ಟು ಹೊತ್ತಿಗೆ ಬಟನ್ ಒತ್ತಿ, ಪಾತ್ರ ಹಾರಿ, ಅರ್ಧ ಮೇಲೆ ಹೋದ ಮೇಲೆ ಹಾರಿದ ಸದ್ದು ಕೇಳಿಸುತ್ತಿತ್ತು. ಆದರೂ ಆ 'ಟಕ್' ಹೋಗಲಿಲ್ಲ.

ಒಂದು ದಿನ ಸುಮ್ನೆ ಗಡಿಯಾರ ಹಿಡಿದು ಕೂತೆ. ಟಕ್. ತುಂಬ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಹೆಚ್ಚುಕಡಿಮೆ ಒಂದೇ ಅಂತರ! ಬಫರ್ ಹೆಚ್ಚಿಸಿದಾಗ ಆ ಅಂತರ ಉದ್ದವಾಗಿತ್ತು, ಅಷ್ಟೇ.

ವಿಷಯ ಇಷ್ಟು. ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಹಳೇ ಟಿವಿ ಪದ್ಧತಿ) ಸೂಪರ್ ನಿಂಟೆಂಡೊ ಗೇಮ್ ಯಂತ್ರ ಸೆಕೆಂಡಿಗೆ ಸುಮಾರು 60.0988 ಫ್ರೇಮ್, ಅಂದರೆ ಚಿತ್ರ, ಓಡಿಸುತ್ತೆ, ನನ್ನ ಮಾನಿಟರ್ 60. ವಿ-ಸಿಂಕ್ ಹಾಕಿದರೆ ಗೇಮ್ ಮಾನಿಟರ್ ಜೊತೆ ಹೆಜ್ಜೆ ಹಾಕಬೇಕು, ಅಂದರೆ ಚೂರು ನಿಧಾನ. ಸೌಂಡ್ ಕಾರ್ಡ್ ಕೇಳೋದು ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಚೂರು), ಎಮ್ಯುಲೇಟರ್ ಕೊಡೋದು ಸುಮಾರು 47,921. ದಿನಾ ಅಲ್ಲ, ಪ್ರತಿ ಸೆಕೆಂಡಿಗೂ 79 ಸಾಲ! 64 ಮಿಲಿಸೆಕೆಂಡ್ ಬಫರ್ ಅಂದರೆ 3,072 ಸ್ಯಾಂಪಲ್, ಪೂರ್ತಿ ತುಂಬಿದ್ದರೂ 39 ಸೆಕೆಂಡಿನಲ್ಲಿ ಖಾಲಿ.

ಇದಕ್ಕೆ ಮದ್ದು ಬಫರ್ ಅಲ್ಲ. ರೆಟ್ರೋಆರ್ಚ್ ಅನ್ನೋ ಎಮ್ಯುಲೇಟರ್ ತಂತ್ರಾಂಶದಲ್ಲಿ ಡೈನಾಮಿಕ್ ರೇಟ್ ಕಂಟ್ರೋಲ್ ಇದೆ, ಮಾಮೂಲಿ ಡೆಲ್ಟಾ (ಬದಲಾವಣೆಯ ಮಿತಿ) 0.005. ಬಫರ್ ಎಷ್ಟು ತುಂಬಿದೆ ನೋಡಿಕೊಂಡು ಸದ್ದನ್ನು ಶೇ. 0.5ರವರೆಗೆ ಹಿಗ್ಗಿಸಿ ಕುಗ್ಗಿಸುತ್ತೆ. ಇಲ್ಲಿ ಬೇಕಿರೋದು ಶೇ. 0.16 ಮಾತ್ರ, ಕಿವಿಗೆ ಗೊತ್ತೇ ಆಗಲ್ಲ. 'ಶುದ್ಧ ಸದ್ದು ಬೇಕು' ಅಂತ ಯಾವಾಗಲೋ ಅದನ್ನು ಆಫ್ ಮಾಡಿದ್ದ ಬುದ್ಧಿವಂತ ನಾನೇ.

ಒಂದೇ ಅಂತರವಿಲ್ಲದೆ, ಪರದೆ ಮೇಲೆ ಗಲಾಟೆ ಜಾಸ್ತಿಯಾದಾಗ ಮಾತ್ರ ಕರಕರ ಅಂದರೆ ಅದು ಬೇರೆ ಕಥೆ. ಪ್ರೊಸೆಸರ್ ಒಂದೊಂದು ಫ್ರೇಮ್ ತಡ ಮಾಡುತ್ತಿದೆ, ಅಲ್ಲಿ ಬಫರ್ ನಿಜವಾಗಿಯೂ ಕಾಪಾಡುತ್ತೆ. ರೇಟ್ ಕಂಟ್ರೋಲ್ ಇದೆಯಲ್ಲ ಅಂತ ಬಫರನ್ನು 512 ಸ್ಯಾಂಪಲ್‌ಗೆ ಇಳಿಸೋ ಹುಚ್ಚೂ ಬೇಡ. ಒಂದು ಫ್ರೇಮಿನ ಸದ್ದೇ 800 ಸ್ಯಾಂಪಲ್, ಹೆಚ್ಚಿನ ಎಮ್ಯುಲೇಟರ್‌ಗಳು ಅದನ್ನು ಒಟ್ಟಿಗೇ ತಂದು ಸುರಿಯುತ್ತವೆ. ಸದ್ದಿನ ತಡ ತಗ್ಗಿಸೋಕೆ ನಾನು 64 ಮಿಲಿಸೆಕೆಂಡಿನಿಂದ ಎಂಟೆಂಟೇ ಇಳಿಸುತ್ತಾ ಬಂದೆ, ಪರೀಕ್ಷಿಸಿದ್ದು ಮೆನುವಿನಲ್ಲಲ್ಲ, ಇರೋದರಲ್ಲೇ ಭಾರವಾದ ಸೀನ್‌ನಲ್ಲಿ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಇದನ್ನು ಮಾಡಬೇಡಿ, ಅದರದ್ದೇ ತಡ ಇದಕ್ಕಿಂತ ಜಾಸ್ತಿ ಇರುತ್ತೆ.

ಈಗ 48ರಲ್ಲಿ ನಿಂತಿದೆ. 40ಕ್ಕೆ ಇಳಿಸಿದರೆ ಶೇಡರ್ (ಪರದೆಯ ಚಿತ್ರದ ರೂಪ ಬದಲಿಸೋ ಫಿಲ್ಟರ್) ಹಾಕಿದಾಗ ಕರಕರ ಅನ್ನುತ್ತೆ, ಶೇಡರ್ ಬಿಡೋಕೆ ನನಗೆ ಮನಸ್ಸಿಲ್ಲ.