ಸೊನ್ನೆ ಪ್ಲಾಕಿನ ಸಂಭ್ರಮ

ಲ್ಯಾಬ್ ಮೀಟಿಂಗಿನಲ್ಲಿ ಎಂಟನೇ ಸ್ಲೈಡಿಗೆ ಬರುವಷ್ಟರಲ್ಲಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಾಗಿತ್ತು. ಕ್ಯಾಂಡಿಡಾ ಅನ್ನೋ ಶಿಲೀಂಧ್ರದ ಬಯೋಫಿಲ್ಮಿಗೆ (ಅಂಟಿಕೊಂಡು ಬೆಳೆದ ಪದರಕ್ಕೆ) ಹರ್ಪಿಸ್ ವೈರಸ್ ಸೇರಿಸಿ, ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, ವೈರಸ್ ಕೊಲ್ಲಲು ಹೈಪೋ (ಬ್ಲೀಚ್) ಹಾಕಿ, ಅದರ ಕೆಲಸ ನಿಲ್ಲಿಸಲು ಥಯೋಸಲ್ಫೇಟ್ ಹಾಕಿ, ಕೆರೆದು ತೆಗೆದು, ಫಿಲ್ಟರ್ ಮಾಡಿ ವೀರೋ ಕೋಶಗಳ ಮೇಲೆ ಹಾಕಿದ್ದೆ. ಮೂರು ದಿನ ಕಳೆದರೂ ಒಂದು ಪ್ಲಾಕ್ (ವೈರಸ್ ಕೋಶ ಕೊಂದಲ್ಲಿ ಬೀಳುವ ತೂತು) ಇಲ್ಲ. ಕ್ರಿಸ್ಟಲ್ ವಯಲೆಟ್ ಹಾಕಿದ ವೆಲ್ಲುಗಳು ನೇರಳೆ ಸೀರೆ ಹಾಸಿದ ಹಾಗಿದ್ದವು.

2014ರಲ್ಲಿ ಇಟಲಿಯವರು ಬರೆದದ್ದು ಇದಕ್ಕೆ ತದ್ವಿರುದ್ಧ. ಎಚ್‌ಎಸ್‌ವಿ-1 (ಅದೇ ಹರ್ಪಿಸ್), ಕಾಕ್ಸಾಕಿ ಬಿ5 ಅನ್ನೋ ವೈರಸ್ ಎರಡೂ ಕ್ಯಾಂಡಿಡಾ ಆಲ್ಬಿಕಾನ್ಸ್ ಬಯೋಫಿಲ್ಮಿನೊಳಗೆ ಸೇರಿಕೊಳ್ಳುತ್ತವೆ, ಆಮೇಲೆ ಹೊರಬರುತ್ತವೆ, ಒಳಗಿರುವಾಗ ಹೈಪೋಗೆ ಸುಲಭಕ್ಕೆ ಬಗ್ಗುವುದಿಲ್ಲ ಅಂತ. ಆ ಪೇಪರಿನ ಅಂಚಿಗೆ ನಾನು ಕೆಂಪು ಪೆನ್ನಲ್ಲಿ ದೊಡ್ಡ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೆ. ಸೊಕ್ಕು ನೋಡಿ!

ಮೂಲೆಯಲ್ಲಿ ಕೂತಿದ್ದ ಜೂನಿಯರ್ ಹುಡುಗಿ ಕೈ ಎತ್ತಿದಳು. "ಅಣ್ಣಾ, ವೈರಸ್ ಕಂಟ್ರೋಲನ್ನೂ ಫಿಲ್ಟರ್ ಮಾಡಿದ್ರಾ?"

"ಅದರಲ್ಲಿ ಬರೀ ವೈರಸ್ಸು, ಕ್ಯಾಂಡಿಡಾ ಇರಲ್ವಲ್ಲಮ್ಮಾ, ಯಾಕೆ ಮಾಡ್ಲಿ?"

ಹೇಳಿ ಮುಗಿಸುವ ಮೊದಲೇ ನಾಲಿಗೆ ಒಣಗಿತು. ಹೈಪೋ ಹಾಕದ ಬಯೋಫಿಲ್ಮ್ ವೆಲ್ಲುಗಳನ್ನೂ ಇಟ್ಟಿರಲಿಲ್ಲ, ವೀರೋ ಸಾಲಲಿಲ್ಲ ಅಂತ. ಗೈಡ್ ಪೆನ್ನಿನ ತಲೆ ಟಿಕ್ ಟಿಕ್ ಒತ್ತುತ್ತಿದ್ದವರು ನಿಲ್ಲಿಸಿದರು.

"ಯಾವ ಫಿಲ್ಟರ್?"

"0.22 ಮೈಕ್ರಾನ್, ಮೇಡಂ."

ಎಸಿ ಸದ್ದು ಅಷ್ಟು ಜೋರಾಗಿದೆ ಅಂತ ಆವತ್ತೇ ಗೊತ್ತಾಗಿದ್ದು.

ಎಸ್‌ಒಪಿ (ಪ್ರಯೋಗದ ಲಿಖಿತ ವಿಧಾನ) ನಮ್ಮ ಸೀನಿಯರ್ ಕಾಕ್ಸಾಕಿಗೆ ಬರೆದಿದ್ದು. ಅದು 30 ನ್ಯಾನೋಮೀಟರ್, ಜರಡಿಯಲ್ಲಿ ರಾಗಿ ಹಿಟ್ಟು ಇಳಿದ ಹಾಗೆ ಇಳಿದುಹೋಗುತ್ತೆ. ಹರ್ಪಿಸ್ ಸುಮಾರು 200, ಫಿಲ್ಟರಿನ ತೂತು 220 ಅಷ್ಟೇ, ಸಿಕ್ಕಿಕೊಂಡುಬಿಡಬಹುದು. ನಾನು ವೈರಸ್ ಹೆಸರು ಮಾತ್ರ ಬದಲಿಸಿ ಪ್ರಿಂಟ್ ತೆಗೆದಿದ್ದೆ.

"ಹಾಗಾದ್ರೆ ವೈರಸ್ಸನ್ನ ಕೊಂದಿದ್ದು ಹೈಪೋನೋ, ಫಿಲ್ಟರ್ ಹಿಡ್ಕೊಂಡಿತ್ತೋ?" ಅಂದರು ಮೇಡಂ. ಉಳಿದ ಆರು ಸ್ಲೈಡು ತೋರಿಸಲೇ ಇಲ್ಲ.

0.45ಕ್ಕೆ ಇಂಡೆಂಟ್ ಹಾಕಿದರೆ ಪರ್ಚೇಸಿನವರು "ಸ್ಟಾಕ್‌ನಲ್ಲಿ 0.22 ಎರಡು ಡಬ್ಬ ಇದೆಯಲ್ಲ, ಅದನ್ನೇ ಬಳಸಿ" ಅಂತ ವಾಪಸ್ ಕಳಿಸಿದರು. ಅವರಿಗೆ ಫಿಲ್ಟರ್ ಅಂದರೆ ಕಾಫಿ ಫಿಲ್ಟರ್. ಕೊನೆಗೆ ಪಕ್ಕದ ಲ್ಯಾಬಿನಲ್ಲಿ ಕೈಚಾಚಿ ಹತ್ತು ತಂದೆ. ಕ್ಯಾಂಡಿಡಾದ ಈಸ್ಟ್ ಕೋಶ ನಾಲ್ಕೈದು ಮೈಕ್ರಾನ್, 0.45ರಲ್ಲೂ ನಿಲ್ಲುತ್ತೆ. ಎಲ್ಲ ವೆಲ್ಲಿನದನ್ನೂ, ಕಂಟ್ರೋಲಿನದನ್ನೂ ಅದರಲ್ಲೇ ಸೋಸಿದೆ. ಮೂರನೇ ದಿನ ಹೈಪೋ ಕುಡಿದ ವೆಲ್ಲಿನಲ್ಲೇ 17 ಪ್ಲಾಕ್. ನೇರಳೆ ಸೀರೆಗೆ ಇಲಿ ಕಡಿದ ಹಾಗೆ.

ಈಗ ನಾನು ಸಿರಿಂಜ್ ಎತ್ತಿದರೆ ಸಾಕು, ಆ ಹುಡುಗಿ ಬಗ್ಗಿ ಫಿಲ್ಟರಿನ ಮೇಲಿನ ಅಂಕಿ ಓದುತ್ತಾಳೆ.