ಎಂಬಿಎ ಓದಿಗೆ ಹಣ: ಉತ್ತರ ಕನ್ನಡದಿಂದ ಅರ್ಜಿ ಹಾಕುವವರಿಗೆ

ಎಂಬಿಎಗೆ ಸ್ಕಾಲರ್‌ಶಿಪ್ ಹುಡುಕುವವರಲ್ಲಿ ಹೆಚ್ಚಿನವರು ಹೆಸರುವಾಸಿ ಫೆಲೋಶಿಪ್‌ಗಳ ಪಟ್ಟಿ ಹಿಡಿದು ಕೂರುತ್ತಾರೆ. ಆ ಪಟ್ಟಿಯ ಅರ್ಧಕ್ಕೂ ಎಂಬಿಎಗೂ ಸಂಬಂಧವಿಲ್ಲ. ಇನ್‌ಲ್ಯಾಕ್ಸ್ ಶಿವದಾಸಾನಿ ಪ್ರತಿಷ್ಠಾನ ವಿದೇಶದ ಓದಿಗೆ ದೊಡ್ಡ ಮೊತ್ತ ಕೊಡುತ್ತದೆ, ಆದರೆ ಬಿಸಿನೆಸ್ ಮತ್ತು ಮ್ಯಾನೇಜ್‌ಮೆಂಟ್ ಓದಿಗೆ ಕೊಡುವುದಿಲ್ಲ. ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್ ಅರ್ಥಶಾಸ್ತ್ರ, ಸಾರ್ವಜನಿಕ ಆಡಳಿತ, ಸಾರ್ವಜನಿಕ ಆರೋಗ್ಯದಂಥ ವಿಷಯಗಳಿಗಿದೆ, ಅದರಲ್ಲೂ ಎಂಬಿಎ ಇಲ್ಲ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಎಂಬಿಎಗೂ ಸಿಗುತ್ತದೆ. ಆದರೆ ಶುಲ್ಕದ ಬಾಬ್ತು 22,000 ಪೌಂಡ್ ದಾಟಿದರೆ ಉಳಿದದ್ದನ್ನು ನೀವೇ ತುಂಬಬೇಕು, ಮತ್ತು ಅಲ್ಲಿಯ ದೊಡ್ಡ ಬಿಸಿನೆಸ್ ಸ್ಕೂಲುಗಳ ಶುಲ್ಕ ಅದರ ಮೂರು ಪಟ್ಟನ್ನೂ ದಾಟುತ್ತದೆ. ಅರ್ಜಿಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಹಾಗಾಗಿ ಯಾವುದೇ ಪ್ರಕಟಣೆ ಕಂಡರೂ ಮೊದಲು ಓದಬೇಕಾದದ್ದು ಮೊತ್ತವನ್ನಲ್ಲ, ಯಾವ ಕೋರ್ಸಿಗೆ ಕೊಡುವುದಿಲ್ಲ ಎನ್ನುವ ಸಾಲನ್ನು.

ಹಣದ ದಾರಿ ನೀವು ಸೇರುವ ಕಾಲೇಜಿನ ಮೇಲೆ ನಿಂತಿದೆ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಧಾರವಾಡದ ಕೌಸಾಳಿ ಸಂಸ್ಥೆಯಂಥ ವಿಶ್ವವಿದ್ಯಾಲಯದ ವಿಭಾಗದಲ್ಲಿ ಸೀಟು ಪಡೆದವರಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳೇ ಬಹುಪಾಲು ಸಾಕಾಗುತ್ತವೆ. ಐಐಎಂ ಸೇರುವವರಿಗೆ ಕೇಂದ್ರದ ಯೋಜನೆ, ಸಂಸ್ಥೆಯ ನೆರವು, ಸಾಲ ಈ ಮೂರೂ ಸೇರಬೇಕು. ವಿದೇಶಕ್ಕೆ ಹೋಗುವವರಿಗೆ ಹೆಚ್ಚಿನ ಹಣ ಬರುವುದು ಸೇರುವ ಸ್ಕೂಲಿನಿಂದಲೇ, ಟ್ರಸ್ಟ್‌ಗಳಿಂದಲ್ಲ. ಮೂರೂ ದಾರಿಗೆ ಒಂದೇ ಅರ್ಜಿ, ಒಂದೇ ಪ್ರಬಂಧ ಇಟ್ಟುಕೊಂಡು ಹೊರಟರೆ ಮೂರೂ ಕೈಬಿಡುತ್ತವೆ.

ಕಾಗದಪತ್ರ: ಏಪ್ರಿಲ್, ಮೇ ತಿಂಗಳಲ್ಲೇ

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಜೂನ್‌ಗೆ ಮೊದಲೇ ಮಾಡಿಸಿ. ಶಾಲೆ ಶುರುವಾದ ಮೇಲೆ ನೂಕುನುಗ್ಗಲು, ಘಟ್ಟದ ಮೇಲಿನ ಹೋಬಳಿಗಳಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ಸರ್ವರೂ ಇಲ್ಲ. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಗೆ ಕೊಡಬೇಕಾದ ಸಂಖ್ಯೆ. ಅದರಲ್ಲಿರುವ ಹೆಸರು ಆಧಾರ್‌ನ ಹೆಸರಿಗೆ, ಆಧಾರ್‌ನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಬೇಕು. ನಮ್ಮ ಕಡೆ ಒಂದು ದಾಖಲೆಯಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು, ಮತ್ತೊಂದರಲ್ಲಿ ಬರೀ ಇನಿಶಿಯಲ್ ಇರುವುದು ಸಾಮಾನ್ಯ. ಆಧಾರ್ ತಿದ್ದಿಸುವುದು ಮೊದಲು, ಪ್ರಮಾಣಪತ್ರ ಆಮೇಲೆ. ಕ್ರಮ ತಿರುಗಿಸಿದರೆ ಎರಡು ಸಲ ಅಲೆದಾಟ.

ಐಐಎಂಗೆ ಇಲ್ಲೊಂದು ಸೂಕ್ಷ್ಮವಿದೆ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲಿ, ಕೆನೆಪದರದವರಲ್ಲ ಎಂಬ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ, ಆದ್ದರಿಂದ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಯಾವ ಹೆಸರಿನಿಂದ ಇದೆ ಎಂದು ನೋಡಿಕೊಂಡು ಅದೇ ಹೆಸರು ಬರುವ ಹಾಗೆ ಮಾಡಿಸಬೇಕು. ಕೆನೆಪದರದ 8 ಲಕ್ಷದ ಲೆಕ್ಕಕ್ಕೆ ಸಂಬಳ ಮತ್ತು ಕೃಷಿ ಆದಾಯವನ್ನು ಸೇರಿಸುವುದಿಲ್ಲ (ನೀರಾವರಿ ಜಮೀನಿನ ಮಿತಿ ಬೇರೆಯೇ ಇದೆ). ಅಡಿಕೆ ಆದಾಯ ನೋಡಿ ತಾವು ಅರ್ಹರಲ್ಲ ಎಂದು ಅರ್ಜಿಯನ್ನೇ ಹಾಕದವರು ಇದನ್ನು ಗಮನಿಸಲೇಬೇಕು. ಆರ್ಥಿಕವಾಗಿ ಹಿಂದುಳಿದವರ ಇಡಬ್ಲ್ಯುಎಸ್ ಪ್ರಮಾಣಪತ್ರದಲ್ಲಿ ಲೆಕ್ಕ ತದ್ವಿರುದ್ಧ. ಅಲ್ಲಿ ಕೃಷಿ, ಸಂಬಳ, ವ್ಯಾಪಾರ ಎಲ್ಲವೂ ಸೇರಿ 8 ಲಕ್ಷದೊಳಗಿರಬೇಕು, ಕುಟುಂಬದ ಕೃಷಿ ಭೂಮಿ 5 ಎಕರೆಗಿಂತ ಕಡಿಮೆ ಇರಬೇಕು, ಮತ್ತು ಆ ಕಾಗದ ಆಯಾ ಹಣಕಾಸು ವರ್ಷಕ್ಕೆ ಮಾತ್ರ ನಡೆಯುತ್ತದೆ.

ಬ್ಯಾಂಕ್ ಖಾತೆಯನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ, ಆದರೆ ಮಂಜೂರಾದ ಹಣ ಸಿಕ್ಕಿಕೊಳ್ಳುವುದು ಅಲ್ಲೇ. ಸರ್ಕಾರದ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬರುತ್ತದೆ. ಸಿಮ್ ಕೊಳ್ಳುವಾಗಲೋ ಅಂಚೆ ಕಚೇರಿಯಲ್ಲೋ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದ್ದರೆ ಹಣ ಅಲ್ಲಿ ಕೂತಿರುತ್ತದೆ, ನೀವು ಬರಲಿಲ್ಲವೆಂದು ದೂರು ಕೊಡುತ್ತಿರುತ್ತೀರಿ. ಟ್ರಸ್ಟ್‌ಗಳು ಹಾಗಲ್ಲ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ನೋಡಿ ಕಳಿಸುತ್ತವೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ ಸೇರಿತು, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ಜಿಲ್ಲೆಯ ತುಂಬ ಇರುವ ಹಳೇ ಪಾಸ್‌ಬುಕ್ ನೋಡಿ ಅರ್ಜಿ ತುಂಬಬೇಡಿ, ಶಾಖೆಯಲ್ಲಿ ಈಗಿನ ಸಂಖ್ಯೆ ಕೇಳಿ ಬರೆಯಿರಿ.

ರಾಜ್ಯದ ವೇತನಗಳು

ಎಸ್‌ಎಸ್‌ಪಿಯಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ವೇತನಗಳಿಗೆಲ್ಲ ಒಂದೇ ಅರ್ಜಿ. ಪರಿಶಿಷ್ಟ ಜಾತಿಯವರಿಗೆ ಕುಟುಂಬದ ಆದಾಯದ ಮಿತಿ 2.5 ಲಕ್ಷ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಂತಿಷ್ಟು ಎಂದು ಹತ್ತು ತಿಂಗಳು ಊಟ ವಸತಿಗೆ ಹಣ ಸಿಗುತ್ತದೆ. ಅರ್ಜಿ ತುಂಬುವ ಮೊದಲು ದಾಖಲೆಗಳಿಗೆ ಇ-ದೃಢೀಕರಣ ಆಗಬೇಕು, ಅದಕ್ಕೆ ಕಾಲೇಜಿನಲ್ಲೇ ಗೊತ್ತುಪಡಿಸಿದ ಅಧಿಕಾರಿ ಇರುತ್ತಾರೆ. ಮೂಲ ಪ್ರತಿಗಳೊಂದಿಗೆ ಪ್ರವೇಶ ಪಡೆದ ವಾರದಲ್ಲೇ ಅವರನ್ನು ಕಾಣಿ. ಕೊನೆಯ ದಿನ ಹತ್ತಿರ ಬಂದಾಗ ಒಬ್ಬರೇ ನೂರಾರು ಅರ್ಜಿ ನೋಡಬೇಕಾಗಿ ತಪ್ಪು ನುಸುಳುತ್ತದೆ.

ರೈತ ವಿದ್ಯಾನಿಧಿ ಸ್ನಾತಕೋತ್ತರ ಓದಿಗೂ ಇದೆ: ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಲ್ಲಿ, ರೈತರ ನೋಂದಣಿ ಮಾಡುವ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ತೊಡಕಾಗುವುದು ಇಲ್ಲೇ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿ ಇರುತ್ತದೆ, ಇಲ್ಲವೇ ಸಾಗುವಳಿ ಮಾಡುವ ಜಾಗ ಅರಣ್ಯ ಅತಿಕ್ರಮಣದ್ದಾಗಿ ಪಹಣಿಯೇ ಇರುವುದಿಲ್ಲ. ಮೊದಲನೆಯದಕ್ಕೆ ಪೌತಿ ಖಾತೆ ಬದಲಾವಣೆಯ ಅರ್ಜಿ ಈಗಲೇ ಕೊಡಿ, ಅದು ಸೀಟು ಸಿಕ್ಕ ಮೇಲೆ ಹದಿನೈದು ದಿನದಲ್ಲಿ ಆಗುವ ಕೆಲಸವಲ್ಲ. ಕಾರವಾರ, ಅಂಕೋಲಾ, ಹೊನ್ನಾವರದ ಮೀನುಗಾರರ ಮಕ್ಕಳಿಗೂ ಈ ಯೋಜನೆಯನ್ನು ವಿಸ್ತರಿಸಲಾಗಿದೆ, ಅವರು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಕಟ್ಟಡ ಕಾರ್ಮಿಕರ ಕಾರ್ಡ್ ಇರುವ ಮನೆಯವರಿಗೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ವೇತನವೂ ಇದೆ. ಇವೆಲ್ಲ ಚಿಕ್ಕ ಮೊತ್ತಗಳು, ಆದರೂ ಸರ್ಕಾರಿ ಸೀಟಿನ ಶುಲ್ಕದ ಮುಂದೆ ಕಡಿಮೆಯಲ್ಲ.

ಕಾರವಾರದ ಸುತ್ತ ನೌಕಾಪಡೆ, ಕೋಸ್ಟ್ ಗಾರ್ಡ್‌ನಿಂದ ನಿವೃತ್ತರಾದವರ ಮನೆಗಳು ಬಹಳ. ಅವರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ ಇದೆ: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಎಂಬಿಎ ಇದರ ಪಟ್ಟಿಯಲ್ಲಿದೆ, ಹಿಂದಿನ ಅರ್ಹತಾ ಪರೀಕ್ಷೆಯಲ್ಲಿ 60 ಶೇಕಡಾ ಅಂಕ ಬೇಕು. ಸೇವೆಯಲ್ಲಿರುವವರ ಮಕ್ಕಳಿಗೂ, ನೌಕಾನೆಲೆಯ ಸಿವಿಲಿಯನ್ ಸಿಬ್ಬಂದಿಯ ಮಕ್ಕಳಿಗೂ ಇದು ಸಿಗುವುದಿಲ್ಲ.

ಐಐಎಂ ಮತ್ತು ದೊಡ್ಡ ಸಂಸ್ಥೆಗಳು

ಬೆಂಗಳೂರಿನ ಐಐಎಂನಲ್ಲಿ ಎರಡು ವರ್ಷದ ಶುಲ್ಕ 25 ಲಕ್ಷದ ಆಸುಪಾಸು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಕೇಂದ್ರದ ಟಾಪ್ ಕ್ಲಾಸ್ ಯೋಜನೆ ಇಲ್ಲಿ ಅತಿ ದೊಡ್ಡ ಆಸರೆ. ಆದಾಯದ ಮಿತಿ 8 ಲಕ್ಷ, ಸರ್ಕಾರಿ ಸಂಸ್ಥೆಯಲ್ಲಿ ಪೂರ್ಣ ಶುಲ್ಕ, ಜೊತೆಗೆ ಮೊದಲ ವರ್ಷ 86,000, ಎರಡನೇ ವರ್ಷ 41,000 ರೂಪಾಯಿ ಭತ್ಯೆ. ಪರಿಶಿಷ್ಟ ಪಂಗಡದವರಿಗೂ ಇಂಥದೇ ಯೋಜನೆ ಬುಡಕಟ್ಟು ಸಚಿವಾಲಯದಿಂದ ಇದೆ, ಮಿತಿ 6 ಲಕ್ಷ. ಜಿಲ್ಲೆಯ ಸಿದ್ದಿ ಸಮುದಾಯ 2003ರಿಂದ ಪರಿಶಿಷ್ಟ ಪಂಗಡದಲ್ಲಿದೆ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಪದವೀಧರರಿಗೆ ಈ ಮಾಹಿತಿ ತಲುಪಬೇಕು. ಹಿಂದುಳಿದ ವರ್ಗದವರಿಗೆ ಪಿಎಂ ಯಶಸ್ವಿ ಇದೆ, ಆದರೆ ಮಿತಿ 2.5 ಲಕ್ಷ. ಇವುಗಳಲ್ಲಿ ಸಂಸ್ಥೆಗೆ ಇಷ್ಟೇ ಎಂದು ಸೀಟು ನಿಗದಿಯಾಗಿರುತ್ತದೆ. ಪ್ರವೇಶ ಖಚಿತವಾದ ದಿನವೇ ಸಂಸ್ಥೆಯ ನೋಡಲ್ ಅಧಿಕಾರಿಗೆ ಬರೆದು ಕೇಳಿ.

ಸಂಸ್ಥೆಗಳ ಸ್ವಂತ ನೆರವು ಅಗತ್ಯ ನೋಡಿ ಕೊಡುವಂಥದ್ದು, ಅದಕ್ಕೆ ಅರ್ಜಿ ಕರೆಯುವುದು ಸೇರಿದ ಮೇಲೆ. ಹೆತ್ತವರ ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ವಿವರ, ಆಸ್ತಿಯ ಪಟ್ಟಿ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದ ಮನೆಗಳು ಈಗಿನಿಂದಲೇ, ಕೃಷಿ ಆದಾಯವನ್ನು ವಿನಾಯ್ತಿ ಕಾಲಂನಲ್ಲಿ ತೋರಿಸಿ, ಸಲ್ಲಿಸತೊಡಗಿದರೆ ಒಳ್ಳೆಯದು. ಸೊಸೈಟಿಯಲ್ಲಿ ಅಡಿಕೆ ವಿಕ್ರಿ ಮಾಡಿದ ಮೂರು ವರ್ಷದ ಲೆಕ್ಕಪಟ್ಟಿಯನ್ನೂ ತೆಗೆಸಿಡಿ, ಬ್ಯಾಂಕಿಗೂ ಅದೇ ಬೇಕಾಗುತ್ತದೆ.

ಖಾಸಗಿ ನೆರವಿನಲ್ಲಿ ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ಎಂಬಿಎ ಸ್ಕಾಲರ್‌ಶಿಪ್ ನೇರವಾಗಿ ಈ ಕೋರ್ಸಿಗೇ ಇರುವಂಥದ್ದು: ಎರಡು ವರ್ಷಕ್ಕೆ ಒಟ್ಟು 2 ಲಕ್ಷ, ಕುಟುಂಬದ ಆದಾಯ 6 ಲಕ್ಷದೊಳಗೆ, ಅವರ ಪಟ್ಟಿಯ ಕಾಲೇಜುಗಳ ಮೊದಲ ವರ್ಷದವರಿಗೆ ಮಾತ್ರ. ಆದಿತ್ಯ ಬಿರ್ಲಾ ಸ್ಕಾಲರ್‌ಶಿಪ್‌ಗೆ ನೇರ ಅರ್ಜಿ ಇಲ್ಲ, ಆಯ್ದ ಸಂಸ್ಥೆಗಳ ಪ್ರವೇಶ ಪಟ್ಟಿಯ ಮೇಲಿನವರನ್ನೇ ಆಹ್ವಾನಿಸುತ್ತಾರೆ.

ವಿದೇಶಕ್ಕೆ

ವಿದೇಶದ ಬಿಸಿನೆಸ್ ಸ್ಕೂಲುಗಳಲ್ಲಿ ಅರ್ಜಿಯ ಮೊದಲ ಸುತ್ತು ಸೆಪ್ಟೆಂಬರ್, ಎರಡನೆಯದು ಜನವರಿಯ ಮೊದಲ ವಾರ. ಸ್ಕೂಲಿನ ಸ್ಕಾಲರ್‌ಶಿಪ್ ಹಣ ಈ ಎರಡು ಸುತ್ತಿನಲ್ಲೇ ಬಹುತೇಕ ಹಂಚಿಹೋಗುತ್ತದೆ, ಮೂರನೇ ಸುತ್ತಿನಲ್ಲಿ ಸೀಟು ಸಿಕ್ಕರೂ ಹಣ ಉಳಿದಿರುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅಂಕ ನೋಡಿ ಹಣ ಕೊಡುವುದಿಲ್ಲ, ಅಗತ್ಯವನ್ನಷ್ಟೇ ನೋಡುತ್ತದೆ. ಸ್ಟ್ಯಾನ್‌ಫರ್ಡ್‌ನ ರಿಲಯನ್ಸ್ ಧೀರೂಭಾಯಿ ಫೆಲೋಶಿಪ್ ವರ್ಷಕ್ಕೆ ಐವರು ಭಾರತೀಯರವರೆಗೆ ಕೊಡುವಂಥದ್ದು, ಓದು ಮುಗಿದ ಎರಡು ವರ್ಷದೊಳಗೆ ಭಾರತಕ್ಕೆ ಮರಳಿ ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು. ಇನ್ಸಿಯಾಡ್‌ನಲ್ಲಿ ಹತ್ತಾರು ಸ್ಕಾಲರ್‌ಶಿಪ್‌ಗಳಿದ್ದು ಬೇರೆ ಪ್ರಬಂಧಗಳನ್ನೇ ಬರೆಯಬೇಕು.

ಭಾರತದ ಟ್ರಸ್ಟ್‌ಗಳು ಕೊಡುವುದು ಹೆಚ್ಚಾಗಿ ಸಾಲದ ರೂಪದ ವೇತನ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಹಾಗೂ ಕೆ.ಸಿ. ಮಹೀಂದ್ರ ಟ್ರಸ್ಟ್ ಎರಡೂ ಹೀಗೆಯೇ. ಮಹೀಂದ್ರದ್ದು ಬಡ್ಡಿಯಿಲ್ಲದ ಸಾಲ. ಇವನ್ನು ಬಜೆಟ್ಟಿನಲ್ಲಿ ಉಚಿತ ಹಣವೆಂದು ಬರೆಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 125 ಸ್ಥಾನಗಳಲ್ಲಿ ಬಹುಪಾಲು ಪರಿಶಿಷ್ಟ ಜಾತಿಗೆ, ಉಳಿದವು ಅಲೆಮಾರಿಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ.

ಅಗತ್ಯದ ಪ್ರಬಂಧದಲ್ಲಿ ‘ಹಿಂದುಳಿದ ಹಳ್ಳಿಯಿಂದ ಬಂದವನು’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಕೊಳೆರೋಗ ಬಿದ್ದ ವರ್ಷ ತೋಟದ ಆದಾಯ ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯದಾಗ ಮನೆ ಹೇಗೆ ನಡೆಯುತ್ತದೆ ಎಂದು ಅಂಕಿಯಲ್ಲಿ ಬರೆದರೆ ಓದುವವರಿಗೆ ಅಳೆಯಲು ಏನಾದರೂ ಸಿಗುತ್ತದೆ. ಕೊನೆಯಲ್ಲಿ ಒಟ್ಟು ವೆಚ್ಚ, ಮನೆಯಿಂದ ಬರುವುದು, ಉಳಿತಾಯ, ಸಾಲ, ಉಳಿದ ಕೊರತೆ ಇಷ್ಟನ್ನು ಬರೆಯಿರಿ. ಕೇಳುವ ಮೊತ್ತ ಆ ಕೊರತೆಗೆ ಸರಿಹೊಂದಬೇಕು.

ಶಿಫಾರಸು ಪತ್ರಕ್ಕೆ ಪ್ರಾಧ್ಯಾಪಕರ ಕಾಲೇಜಿನ ಅಧಿಕೃತ ಇಮೇಲ್ ಕೇಳುತ್ತಾರೆ. ಇಲ್ಲದಿದ್ದರೆ ಮೇಷ್ಟ್ರನ್ನೂ ಪ್ರಾಂಶುಪಾಲರನ್ನೂ ತಿಂಗಳ ಮೊದಲೇ ಕಂಡು ಕಾಲೇಜಿನ ಹೆಸರಲ್ಲೊಂದು ಮಾಡಿಸಿಕೊಳ್ಳಿ. ಎರಡು ಸ್ಕೂಲಿಂದ ಕರೆ ಬಂದು ಒಂದು ಹೆಚ್ಚು ಹಣ ಕೊಟ್ಟಿದ್ದರೆ, ಇನ್ನೊಂದಕ್ಕೆ ಆ ಪತ್ರ ಲಗತ್ತಿಸಿ ಮರುಪರಿಶೀಲನೆ ಕೇಳಬಹುದು. ಠೇವಣಿ ಕಟ್ಟುವ ಮೊದಲು ಕೇಳಿ, ಕಟ್ಟಿದ ಮೇಲೆ ಅವರಿಗೆ ಕೊಡುವ ಒತ್ತಡವಿಲ್ಲ.

ಕೊರತೆಗೆ ಸಾಲ

ಶಿಕ್ಷಣ ಸಾಲಕ್ಕೆ 7.5 ಲಕ್ಷದವರೆಗೆ ಅಡಮಾನ ಬೇಡ. ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯ ಸಂಸ್ಥೆಯಲ್ಲಿ ಅರ್ಹತೆಯ ಮೇಲೆ ಸೀಟು ಪಡೆದರೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ಸಿಗುತ್ತದೆ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3 ಶೇಕಡಾ ಬಡ್ಡಿ ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದಿಲ್ಲ. ವಿದೇಶದ ದೊಡ್ಡ ಸಾಲಕ್ಕೆ ಬ್ಯಾಂಕ್ 15 ಶೇಕಡಾವನ್ನು ನಿಮ್ಮ ಕೈಯಿಂದ ಹಾಕಿಸುತ್ತದೆ, ಅಡಮಾನವನ್ನೂ ಕೇಳುತ್ತದೆ. ಎಷ್ಟೇ ಬೆಲೆಬಾಳುವ ಅಡಿಕೆ ತೋಟವಾದರೂ ಇದಕ್ಕೆ ಒಪ್ಪುವುದು ಕಡಿಮೆ, ಏಕೆಂದರೆ ಕೃಷಿ ಭೂಮಿಯನ್ನು ಬ್ಯಾಂಕುಗಳ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಜಪ್ತಿ ಮಾಡಲು ಬರುವುದಿಲ್ಲ. ಎನ್‌ಎ (ಕೃಷಿಯೇತರ) ಆದ ಜಾಗ, ಪೇಟೆಯ ಮನೆ, ಠೇವಣಿ ಪತ್ರ, ಎಲ್‌ಐಸಿ ಪಾಲಿಸಿ ನಡೆಯುತ್ತವೆ. ಕಟ್ಟಿದ ಬಡ್ಡಿಗೆ 80ಇ ಕಲಮಿನಡಿ ಎಂಟು ವರ್ಷ ತೆರಿಗೆ ವಿನಾಯ್ತಿ ಇದೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ಎರಡನೇ ವರ್ಷ ಯಾವ ವೇತನವೂ ತಾನಾಗಿ ಮುಂದುವರಿಯುವುದಿಲ್ಲ, ನವೀಕರಣದ ಅರ್ಜಿ ಹಾಕಬೇಕು. ವಿಶ್ವವಿದ್ಯಾಲಯದ ಅಂಕಪಟ್ಟಿ ಅಷ್ಟರೊಳಗೆ ಬಾರದಿದ್ದರೆ ಆನ್‌ಲೈನ್ ಫಲಿತಾಂಶದ ಪ್ರತಿಗೆ ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಹಾಕಿಸಿ ಸಲ್ಲಿಸಿ. ಆಮೇಲೆ ಅಂಕಪಟ್ಟಿ ಕೈಗೆ ಬಂದಾಗ ಅದನ್ನೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.